4294967297 ಒಡೆದದ್ದು ಹೇಗೆ?

ಈ ಸಂಖ್ಯೆ ಓದೋಕೇ ಉಸಿರು ಕಟ್ಟುತ್ತೆ. ನಾಲ್ಕುನೂರ ಇಪ್ಪತ್ತೊಂಬತ್ತು ಕೋಟಿಗೂ ಮೇಲೆ! ಆದರೆ ಮಾಡೋದು ಸುಲಭ. 2ನ್ನು 2ರಿಂದ ಗುಣಿಸಿ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸುತ್ತಾ ಹೋಗಿ. 2, 4, 16, 256, 65536, 4294967296. ಪ್ರತಿಯೊಂದಕ್ಕೂ 1 ಕೂಡಿಸಿ.

ಮೊದಲ ಐದು 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು. ಮುಂದಿನವೂ ಹಾಗೇ ಇರುತ್ತವೆ ಎಂದು ಫ್ರಾನ್ಸ್ ದೇಶದ ಫರ್ಮಾ 1640ರಲ್ಲಿ ನಂಬಿದ್ದರು. ಇವರು ಕೋರ್ಟಿನ ಕೆಲಸ ಮಾಡುತ್ತಾ ಬಿಡುವಿನಲ್ಲಿ ಗಣಿತ ಮಾಡುತ್ತಿದ್ದವರು. ಐದು ಸರಿ ಬಂದರೆ ಆರನೆಯದೂ ಸರಿ ಅಂತ ನಾವೂ ಅಂದುಕೊಳ್ಳುತ್ತೇವೆ, ಅಲ್ವಾ?

92 ವರ್ಷ ಆದಮೇಲೆ, 1732ರಲ್ಲಿ, ಆಯ್ಲರ್ ಎಂಬ ಗಣಿತಜ್ಞರು ಆರನೆಯದನ್ನು ಒಡೆದೇಬಿಟ್ಟರು. 641 × 6700417! ನಾನು ಗುಣಿಸಿ ನೋಡಿದೆ, ಸರಿಯಾಗಿ ಬಂತು.

ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆಯನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಎಂದೂ ಅವರು ಆಮೇಲೆ ಸಾಧಿಸಿದರು. ಅಂಥವು 193, 257, 449, 577, 641. ಅಂದರೆ ಐದನೇ ಸಲಕ್ಕೇ ಸಿಗುತ್ತೆ! 65537 ಆದಮೇಲೆ ಈ ಸಾಲಿನಲ್ಲಿ ಇಂದಿನವರೆಗೂ ಒಂದೂ ಅವಿಭಾಜ್ಯ ಸಂಖ್ಯೆ ಸಿಕ್ಕಿಲ್ಲ.

ಇನ್ನೊಂದು ತಮಾಷೆ. 4294967297ನ್ನು ಆ ಮೊದಲ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2. ಪಾಟಿ ತಗೊಂಡು 17ರಿಂದ ಶುರು ಮಾಡಿ.