ಎಡಗೈ ಅಣು, ಬಲಗೈ ಅಣು

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದುದು 1933ರಲ್ಲಿ. ಮದ್ದೂರು, ಮಳವಳ್ಳಿಗಳ ಕಾಲುವೆಯ ಬಯಲಿನಲ್ಲಿ ಕಬ್ಬು ಬೆಳೆಯುವ ರೈತರು ಕಡಿದ ಕಬ್ಬನ್ನು ಬೇಗ ಸಾಗಿಸಲು ಆತುರಪಡುತ್ತಾರೆ. ಕಬ್ಬು ಬಿಸಿಲಿನಲ್ಲಿ ಬಿದ್ದಿದ್ದರೆ ತೂಕ ಕುಗ್ಗುವುದಲ್ಲದೆ ಅದರೊಳಗಿನ ಸಕ್ಕರೆಯೂ ಒಡೆದುಹೋಗುತ್ತದೆ. ಈ ನಷ್ಟವನ್ನು ನಾಲಿಗೆ ಅರಿಯದು. ರಸವು ಆಗಲೂ ಸಿಹಿಯಾಗಿಯೇ ಇರುತ್ತದೆ. ಅರಿಯುವುದು ಬೆಳಕು. ತಿಳಿಗೊಳಿಸಿದ ರಸವನ್ನು ನಳಿಕೆಯಲ್ಲಿ ತುಂಬಿ, ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರೆ ಕಬ್ಬಿನ ಸಕ್ಕರೆಯು ಆ ಸಮತಲವನ್ನು ಬಲಕ್ಕೆ ತಿರುಗಿಸುತ್ತದೆ. ಅದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆದಂತೆಲ್ಲ ತಿರುವು ಕುಗ್ಗಿ, ಪೂರ್ತಿ ಒಡೆದಾಗ ಎಡಕ್ಕೆ ವಾಲುತ್ತದೆ. ಇದನ್ನು ಅಳೆಯುವ ಉಪಕರಣವೇ ಪೋಲಾರಿಮೀಟರ್.

ಬೆಳಕು ಹೀಗೆ ತಿರುಗಲು ಅಣುವಿನ ಆಕಾರವೇ ಕಾರಣ. ಎಡಗಾಲಿನ ಮೆಟ್ಟು ಬಲಗಾಲಿಗೆ ಹೊಂದದಿರುವಂತೆ, ಕೆಲವು ಅಣುಗಳು ಕನ್ನಡಿಯೊಳಗಿನ ತಮ್ಮ ಪ್ರತಿಬಿಂಬದೊಡನೆ ಹೊಂದುವುದಿಲ್ಲ. ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಒಂದನ್ನುಳಿದು ಮಿಕ್ಕವೆಲ್ಲಕ್ಕೂ ಇಂತಹ ಎರಡು ರೂಪಗಳುಂಟು. ಜೀವಿಗಳು ಪ್ರೋಟೀನು ಕಟ್ಟುವಾಗ ಆರಿಸಿಕೊಳ್ಳುವುದು ಎಡ ರೂಪವನ್ನೇ. ಇಲ್ಲಿ ‘ಎಡ’ ಎಂಬುದು ಅಣುವಿನ ರಚನೆಗೆ ಇಟ್ಟ ಹೆಸರೇ ಹೊರತು ಬೆಳಕು ತಿರುಗುವ ದಿಕ್ಕಿಗಲ್ಲ.

ಎರಡು ರೂಪಗಳ ತೂಕವೂ ಒಂದೇ, ಕುದಿಯುವ ಬಿಂದುವೂ ಒಂದೇ. ಸಮನಾಗಿ ಬೆರೆತರೆ ಒಂದರ ತಿರುವನ್ನು ಇನ್ನೊಂದು ಅಳಿಸುವುದರಿಂದ ಪೋಲಾರಿಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಹಾಗಾದರೆ ಬೇರ್ಪಡಿಸುವುದೆಂತು?

1966ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎಮಾನುಯೆಲ್ ಗಿಲ್-ಆವ್ ಮತ್ತು ಅವರ ಸಂಗಡಿಗರು ಗ್ಯಾಸ್ ಕ್ರೊಮಟಾಗ್ರಫಿಯಿಂದ ಇದನ್ನು ಸಾಧಿಸಿದರು. ಅಮೈನೋ ಆಮ್ಲವು ಸುಲಭವಾಗಿ ಆವಿಯಾಗದು. ಆದುದರಿಂದ ಮೊದಲು ಅದನ್ನು ಆವಿಯಾಗಬಲ್ಲ ಸಂಯುಕ್ತವಾಗಿ ಮಾರ್ಪಡಿಸುತ್ತಾರೆ. ಆ ಆವಿಯನ್ನು ಹೀಲಿಯಂನಂತಹ ಅನಿಲವು ಕೂದಲೆಳೆಯಂಥ ರಂಧ್ರವುಳ್ಳ ನೀಳ ನಳಿಕೆಯೊಳಗೆ ಕೊಂಡೊಯ್ಯುತ್ತದೆ. ನಳಿಕೆಯ ಒಳಗೋಡೆಗೆ ಲೇಪಿಸಿದ ವಸ್ತುವೂ ಒಂದೇ ಕೈಯದು. ಬಲಗೈ ಬಲಗೈಯನ್ನು ಹಿಡಿದಷ್ಟು ಬಿಗಿಯಾಗಿ ಎಡಗೈಯನ್ನು ಹಿಡಿಯಲಾರದಷ್ಟೆ! ಅಂತೆಯೇ ಲೇಪವು ಒಂದು ರೂಪವನ್ನು ತುಸು ಹೆಚ್ಚು ಹೊತ್ತು ತಡೆಯುತ್ತದೆ. ಪ್ರತಿ ತಡೆಯಲ್ಲಿರುವ ವ್ಯತ್ಯಾಸ ಅತ್ಯಲ್ಪ. ಆದರೆ ತಡೆಗಳು ಸಾವಿರಾರು. ಕೊನೆಗೆ ಎರಡು ರೂಪಗಳು ಬೇರೆ ಬೇರೆ ಹೊತ್ತಿಗೆ ಹೊರಬಂದು, ರೇಖಾಚಿತ್ರದಲ್ಲಿ ಎರಡು ಶಿಖರಗಳಾಗಿ ಮೂಡುತ್ತವೆ.

ಈ ಭೇದ ಕೆಲವೊಮ್ಮೆ ರೋಗಿಯ ಕ್ಷೇಮದ ಪ್ರಶ್ನೆಯೂ ಆಗುತ್ತದೆ. ನಸುಗುನ್ನಿಯ ಬೀಜದಲ್ಲಿ ಡೋಪಾ ಎಂಬ ಅಮೈನೋ ಆಮ್ಲವಿದೆ. 1967ರಲ್ಲಿ ಜಾರ್ಜ್ ಕೋಟ್ಸಿಯಾಸ್ ಎಂಬ ವೈದ್ಯರು ಎರಡೂ ರೂಪ ಬೆರೆತ ಡೋಪಾವನ್ನು ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟಾಗ ಹಲವರ ಸ್ಥಿತಿ ಸುಧಾರಿಸಿತು. ಆದರೆ ಕೆಲವರ ಬಿಳಿಯ ರಕ್ತಕಣಗಳು ಕುಸಿದವು. ಬಳಿಕ ಎಡ ರೂಪವನ್ನಷ್ಟೇ ಬಳಸಿದರು; ಕಡಿಮೆ ಪ್ರಮಾಣದಲ್ಲಿಯೇ ಗುಣ ಕಂಡಿತು. ನಸುಗುನ್ನಿಯ ಬಳ್ಳಿ ಎಡ ರೂಪವನ್ನೇ ತಯಾರಿಸುತ್ತದೆ. ಪ್ರಯೋಗಶಾಲೆಯ ಸಾಧಾರಣ ಪಾತ್ರೆಯಲ್ಲಿ ಎರಡೂ ಸಮನಾಗಿ ಹುಟ್ಟುತ್ತವೆ.