ಮನೆಬಟ್ಟೆಗಳ ಮೇಲೆ ಉಣ್ಣೆದಾರದ ಕಸೂತಿ: ಹೊಸದಾಗಿ ಕಲಿಯುವವರಿಗೆ



ಹೊಲಿಗೆ ಕಲಿಯಲು ಬರುವ ತಾಯಂದಿರು ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಿರುತ್ತಾರೆ. ಉಣ್ಣೆದಾರದ ಕಸೂತಿಯನ್ನು ಮನೆಯಲ್ಲಿ ಕೂತೇ ಕಲಿಯಬಹುದೇ? ಕಲಿತರೆ ಕೈಗೆ ನಾಲ್ಕು ಕಾಸು ಬರುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸುಲಭ, ಖಂಡಿತ ಕಲಿಯಬಹುದು. ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಎರಡನ್ನೂ ಇಲ್ಲಿ ವಿವರಿಸಿದ್ದೇವೆ.

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಹಲವು ವರ್ಷಗಳ ಹಿಂದೆ ನಮ್ಮ ಬಳಿ ಕಲಿತ ತಾಯಿಯೊಬ್ಬರಿಗೆ ಮದುವೆ ಮನೆಯಿಂದ ನಾಲ್ಕು ದಿಂಬಿನ ಕವರುಗಳ ಆರ್ಡರ್ ಬಂತು. ಬಿಳಿ ಬಟ್ಟೆಯ ಮೇಲೆ ಕೆಂಪು ಹೂ, ಹಸಿರು ಬಳ್ಳಿ. ಕೆಲಸ ನೋಡಿ ನಾವೂ ಹೊಗಳಿದ್ದೆವು. ಮೊದಲ ತೊಳೆತಕ್ಕೆ ಕೆಂಪು ಬಣ್ಣ ಬಿಳಿ ಬಟ್ಟೆಗೆಲ್ಲ ಹರಡಿತು. ಬಟ್ಟೆ ಕುಗ್ಗಿ ಹೂಗಳ ಸುತ್ತ ಸುಕ್ಕುಗಟ್ಟಿತು. ಕವರುಗಳು ವಾಪಸು ಬಂದವು, ಬಾಕಿ ಹಣ ಬರಲಿಲ್ಲ. ಒಂದು ತಿಂಗಳ ದುಡಿಮೆ ನೀರುಪಾಲಾಯಿತು. ಆ ತಾಯಿಯ ಕೈಕೆಲಸದಲ್ಲಿ ಏನೂ ಲೋಪವಿರಲಿಲ್ಲ. ಹೊಲಿಗೆ ಕಲಿಸಿದ ನಾವು ಬಟ್ಟೆಯನ್ನು ಮೊದಲೇ ನೆನೆಸುವುದನ್ನೂ ದಾರದ ಬಣ್ಣ ಪರೀಕ್ಷಿಸುವುದನ್ನೂ ಕಲಿಸಿರಲಿಲ್ಲ. ಅದಕ್ಕೇ ಈ ಬರಹದಲ್ಲಿ ಸೂಜಿಗಿಂತ ಮೊದಲು ನೀರಿನ ಮಾತು ಬರುತ್ತದೆ.

ಕ್ರೂಯೆಲ್ ಎಂದರೇನು?

ಉಣ್ಣೆದಾರದಿಂದ ಹಾಕುವ ಈ ಕಸೂತಿಗೆ ಕ್ರೂಯೆಲ್ ಎಂಬ ಹೆಸರಿದೆ. ನಿಜಕ್ಕೂ ಅದು ದಾರದ ಹೆಸರು. ಎರಡು ಎಳೆಗಳನ್ನು ಹುರಿಗೊಳಿಸಿದ ತೆಳುವಾದ ಉಣ್ಣೆದಾರಕ್ಕೆ ಇಂಗ್ಲೆಂಡಿನಲ್ಲಿ ಹಾಗೆ ಕರೆಯುತ್ತಿದ್ದರು. ಬಟ್ಟೆಯ ಮೇಲೆ ಉಣ್ಣೆಯಿಂದ ಚಿತ್ರ ಮೂಡಿಸುವ ಪದ್ಧತಿ ಬಹಳ ಹಳೆಯದು. ಫ್ರಾನ್ಸಿನ ಬೇಯೂ ಟೇಪೆಸ್ಟ್ರಿ 11ನೇ ಶತಮಾನದ್ದು. ಸುಮಾರು 70 ಮೀಟರ್ ಉದ್ದದ ಆ ನಾರುಬಟ್ಟೆಯ ಮೇಲೆ 1066ರ ಯುದ್ಧದ ಕಥೆಯನ್ನು ಉಣ್ಣೆದಾರದಲ್ಲಿ ಕಸೂತಿ ಹಾಕಿದ್ದಾರೆ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಮಂಚದ ಪರದೆಗಳಿಗೆ ಈ ಕೆಲಸ ಮಾಡಿಸುತ್ತಿದ್ದರು. ದೊಡ್ಡ ಮರ, ಬಾಗಿದ ಕೊಂಬೆ, ಅಗಲವಾದ ಎಲೆ, ಅವುಗಳ ನಡುವೆ ಹಕ್ಕಿ. ಈ ನಕ್ಷೆಗಳ ಮೇಲೆ ನಮ್ಮ ಕೋರಮಂಡಲ ಕರಾವಳಿಯಿಂದ ಹಡಗಿನಲ್ಲಿ ಹೋದ ಬಣ್ಣದ ಬಟ್ಟೆಗಳ ಪ್ರಭಾವವಿದೆ. ಅಂಥ ಹಾಸು ಹೊದಿಕೆಗಳಿಗೆ ಇಂಗ್ಲಿಷರು 'ಪಾಲಂಪೋರ್' ಎಂದರು. ನಮ್ಮ ಮನೆಗಳಲ್ಲಿ ಇವತ್ತಿಗೂ ಹೇಳುವ 'ಪಲಂಗ್‌ಪೋಷ್' ಅವರ ಬಾಯಲ್ಲಿ ಹಾಗಾಯಿತು.

ಕಾಶ್ಮೀರದಲ್ಲಿ ಇದೇ ಕೆಲಸವನ್ನು ಸೂಜಿಯ ಬದಲು ಆರಿ ಎಂಬ ಕೊಕ್ಕೆಯಿಂದ ಮಾಡುತ್ತಾರೆ. ದಾರ ಬಟ್ಟೆಯ ಅಡಿಯಲ್ಲಿರುತ್ತದೆ. ಕೊಕ್ಕೆ ಮೇಲಿನಿಂದ ಇಳಿದು ದಾರವನ್ನು ಎಳೆದು ತಂದು ಸರಪಳಿ ಹೆಣೆಯುತ್ತದೆ. ಪರದೆ, ಕುಶನ್ ಕವರುಗಳ ಕಾಶ್ಮೀರಿ ಕ್ರೂಯೆಲ್ ಎಂದರೆ ಇದೇ. ನಮ್ಮಲ್ಲಿ ಬ್ಲೌಸಿಗೆ ಆರಿ ವರ್ಕ್ ಮಾಡುವ ಹೆಣ್ಣುಮಕ್ಕಳಿಗೆ ಈ ಕೈಚಳಕ ಹೊಸದಲ್ಲ. ಉಣ್ಣೆಗೆ ಮಾತ್ರ ಸ್ವಲ್ಪ ದಪ್ಪ ಕೊಕ್ಕೆ ಬೇಕು.

ಧಾರವಾಡ ಕಡೆಯ ಕಸೂತಿ ಬಲ್ಲವರಿಗೆ ಒಂದು ವ್ಯತ್ಯಾಸ ಹೇಳಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಈ ನಾಲ್ಕರಲ್ಲೂ ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತೇವೆ, ಬಟ್ಟೆಯ ಮೇಲೆ ಏನೂ ಬರೆಯುವುದಿಲ್ಲ. ಕ್ರೂಯೆಲ್‌ನಲ್ಲಿ ನಕ್ಷೆ ಬರೆದುಕೊಂಡು ಗೆರೆಯ ಮೇಲೆ ಹೊಲಿಯುತ್ತೇವೆ. ಎಣಿಕೆ ಇಲ್ಲದ ಕಾರಣ ಕಲಿಯುವುದು ಬೇಗ.

ಯಾವ ಬಟ್ಟೆಗೆ ಹಾಕಬೇಕು, ಯಾವುದಕ್ಕೆ ಬೇಡ

ಕುಶನ್ ಕವರ್, ಬಾಗಿಲ ಪರದೆ, ಮಂಚದ ಮೇಲು ಹೊದಿಕೆ ಇವು ಉಣ್ಣೆಗೆ ಒಗ್ಗುತ್ತವೆ. ಮೈಗೆ ತಾಗುವ ಬೆಡ್‌ಶೀಟಿಗೆ ಬೇಡ, ಉಣ್ಣೆ ಚುಚ್ಚುತ್ತದೆ. ದಿಂಬಿನ ಕವರಿಗೆ ಹಾಕುವುದಾದರೆ ಕೆನ್ನೆ ತಾಗದ ಅಂಚಿನಲ್ಲಿ ಮಾತ್ರ. ದಸ್ತರ್‌ಖಾನಿಗೆ ಉಣ್ಣೆ ಬೇಡವೇ ಬೇಡ. ಅರಿಸಿನ, ಎಣ್ಣೆ ಬಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆಯಬೇಕಾಗುತ್ತದೆ, ಉಣ್ಣೆ ಅದನ್ನು ತಾಳುವುದಿಲ್ಲ. ಅಂಥವುಗಳಿಗೆ ಇವೇ ನಕ್ಷೆಗಳನ್ನು ಆರೆಳೆಯ ಹತ್ತಿದಾರದಲ್ಲಿ ಹಾಕಿರಿ.

ಬಟ್ಟೆ ಒತ್ತಾಗಿ ನೇಯ್ದದ್ದು, ತುಸು ದಪ್ಪನೆಯದು ಇರಲಿ. ಅಂಗಡಿಯಲ್ಲಿ ಕೇಸ್‌ಮೆಂಟ್, ದೋಸೂತಿ ಎಂದು ಕೇಳಿದರೆ ಸಿಗುತ್ತದೆ. ದಪ್ಪ ಖಾದಿಯೂ ಆದೀತು. ತಂದ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ.

ದಾರದ ಪರೀಕ್ಷೆ

ಅಂಗಡಿಯಲ್ಲಿ 'ವುಲ್ಲನ್' ಎಂದು ಕೊಡುವ ಉಂಡೆಗಳಲ್ಲಿ ಎಷ್ಟೋ ಅಕ್ರಿಲಿಕ್ ಆಗಿರುತ್ತವೆ. ಒಂದು ತುಂಡು ದಾರವನ್ನು ಚಿಮುಟದಲ್ಲಿ ಹಿಡಿದು ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಕಲಿಯುವಾಗ ಅಕ್ರಿಲಿಕ್ ಸಾಕು, ಹುಳವೂ ಅದನ್ನು ತಿನ್ನುವುದಿಲ್ಲ. ಆದರೆ ಬಿಸಿ ಇಸ್ತ್ರಿಗೆ ಚಪ್ಪಟೆಯಾಗುತ್ತದೆ. ಮಾರುವಾಗ ಯಾವುದರಿಂದ ಮಾಡಿದ್ದೆಂದು ಕೊಳ್ಳುವವರಿಗೆ ಹೇಳಿಯೇ ಮಾರಬೇಕು.

ಬಣ್ಣದ ಪರೀಕ್ಷೆಗೆ ಐದು ನಿಮಿಷ ಸಾಕು. ಪ್ರತಿ ಬಣ್ಣದ ಒಂದು ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಎರಡು ಮಡಿಕೆಗಳ ನಡುವೆ ಇಟ್ಟು, ಮೇಲೆ ಇಸ್ತ್ರಿ ಒತ್ತಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಬೇಡ. ಕೆಂಪು, ಕಡುನೀಲಿ, ಮೆರೂನ್ ಬಣ್ಣಗಳನ್ನು ಎಂದೂ ಪರೀಕ್ಷಿಸದೆ ಬಳಸಬೇಡಿ. ನಾಲ್ಕು ಕವರುಗಳು ಕೆಟ್ಟದ್ದು ಈ ಐದು ನಿಮಿಷ ಉಳಿಸಲು ಹೋಗಿ.

ಸೂಜಿ, ರಿಂಗ್, ನಕ್ಷೆ

ಸೂಜಿಯ ಕಣ್ಣು ಉದ್ದವಾಗಿ, ಮೊನೆ ಚೂಪಾಗಿ ಇರಬೇಕು. ಕಣ್ಣು ಸಣ್ಣದಾದರೆ ಉಣ್ಣೆ ಉಜ್ಜಿ ಸವೆಯುತ್ತದೆ. ಶೆನಿಲ್ ಸೂಜಿಯಲ್ಲಿ 22 ಅಥವಾ 24ನೇ ನಂಬರು ಆರಂಭಕ್ಕೆ ಸರಿ. ದಾರ 18 ಇಂಚಿಗಿಂತ ಉದ್ದ ಬೇಡ. ಪೋಣಿಸುವಾಗ ದಾರದ ತುದಿಯನ್ನು ಸೂಜಿಯ ಮೇಲೆ ಮಡಚಿ, ಮಡಿಕೆಯನ್ನು ಬೆರಳಲ್ಲಿ ಚಪ್ಪಟೆಯಾಗಿ ಹಿಡಿದು, ಆ ಮಡಿಕೆಯನ್ನೇ ಕಣ್ಣಿಗೆ ತೂರಿಸಿ. ರಿಂಗಿಗೆ ಬಟ್ಟೆಯನ್ನು ಬಿಗಿಯಾಗಿ ಸಿಕ್ಕಿಸಿ. ಕೆಲಸ ಮುಗಿದೊಡನೆ ತೆಗೆದುಬಿಡಿ, ಇಲ್ಲವಾದರೆ ಬಳೆಯ ಗುರುತು ಉಳಿಯುತ್ತದೆ.

ನಕ್ಷೆ ಇಳಿಸಲು ಟ್ರೇಸಿಂಗ್ ಹಾಳೆಯ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಹಾಳೆಯನ್ನು ಬಟ್ಟೆಯ ಮೇಲಿಟ್ಟು, ಬಣ್ಣದ ಸೀಮೆಸುಣ್ಣದ ಪುಡಿಯನ್ನು ಹತ್ತಿಯಿಂದ ಉಜ್ಜಿದರೆ ಚುಕ್ಕೆಗಳಲ್ಲಿ ಚಿತ್ರ ಮೂಡುತ್ತದೆ. ಒಂದು ಹಾಳೆ ಹತ್ತಾರು ಬಟ್ಟೆಗೆ ಬರುತ್ತದೆ. ಸೀಸದ ಕಡ್ಡಿಯಿಂದ ಒತ್ತಿ ಬರೆಯಬೇಡಿ, ಆ ಕಪ್ಪು ಉಣ್ಣೆಗೆ ಹತ್ತುತ್ತದೆ.

ಮೊದಲಿಗೆ ನಾಲ್ಕೇ ಹೊಲಿಗೆ

ಒಂದು ಕಾಂಡ, ಮೂರು ಎಲೆ, ಒಂದು ಹೂವು ಇರುವ ಅಂಗೈಯಗಲದ ನಕ್ಷೆ ಸಾಕು. ಕಾಂಡಕ್ಕೆ ಸ್ಟೆಮ್ ಸ್ಟಿಚ್. ಎಲೆಯ ಅಂಚಿಗೆ ಚೈನ್ ಸ್ಟಿಚ್. ಎಸಳಿಗೆ ಸ್ಯಾಟಿನ್ ಸ್ಟಿಚ್, ಅದರ ಒಂದೊಂದು ಎಳೆ ಅರ್ಧ ಇಂಚು ಮೀರದಿರಲಿ, ಉದ್ದವಾದರೆ ಬಳೆಗೆ ಉಂಗುರಕ್ಕೆ ಸಿಕ್ಕುತ್ತದೆ. ಹೂವಿನ ನಡುವೆ ನಾಲ್ಕೈದು ಫ್ರೆಂಚ್ ನಾಟ್. ದಾರ ಶುರುಮಾಡುವಾಗ ಗಂಟು ಹಾಕದೆ, ಮುಂದೆ ಮುಚ್ಚಿಹೋಗುವ ಗೆರೆಯ ಮೇಲೆ ಎರಡು ಸಣ್ಣ ಹೊಲಿಗೆ ಹಾಕಿ ಭದ್ರಪಡಿಸಿ. ದಾರ ಬಿಗಿಯಾಗಿ ಎಳೆಯಬೇಡಿ. ಉಣ್ಣೆ ಉಬ್ಬಿ ನಿಂತರೇ ಚೆಂದ.

ಇದು ಕೈಗೆ ಹತ್ತಿದ ಮೇಲೆ ಜಾಲರಿ ಕಲಿಯಿರಿ. ದೊಡ್ಡ ಎಲೆಯೊಳಗೆ ಅಡ್ಡಡ್ಡ, ಉದ್ದುದ್ದ ದಾರ ಎಳೆದು, ದಾರಗಳು ಕೂಡುವ ಕಡೆಗಳಲ್ಲೆಲ್ಲ ಒಂದೊಂದು ಪುಟ್ಟ ಹೊಲಿಗೆ ಹಾಕುವುದು. ಕ್ರೂಯೆಲ್‌ಗೆ ವಿಶೇಷ ಕಳೆ ಬರುವುದು ಇದರಿಂದ. ಎಲೆಯನ್ನು ಪೂರ್ತಿ ತುಂಬುವುದಕ್ಕಿಂತ ದಾರವೂ ಕಡಿಮೆ, ಸಮಯವೂ ಕಡಿಮೆ.

ಹಗಲು ಬೆಳಕಿನಲ್ಲೇ ಕೂತು ಮಾಡಿ. ಅರ್ಧ ಗಂಟೆಗೊಮ್ಮೆ ಕಣ್ಣೆತ್ತಿ ದೂರ ನೋಡಿ. ನಲವತ್ತು ದಾಟಿದವರು ಕನ್ನಡಕದ ಪರೀಕ್ಷೆ ಮಾಡಿಸಿಕೊಂಡೇ ಕೂರುವುದು ಒಳ್ಳೆಯದು.

ತೊಳೆಯುವುದು, ಇಡುವುದು

ತಣ್ಣೀರು, ಅಂಟುವಾಳದ ನೀರು ಅಥವಾ ಸೌಮ್ಯವಾದ ಸೋಪು. ತಿಕ್ಕಬಾರದು, ಹಿಂಡಬಾರದು. ಟವೆಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆದು ನೆರಳಲ್ಲಿ ಒಣಗಿಸಿ. ದಪ್ಪ ಟವೆಲಿನ ಮೇಲೆ ಕಸೂತಿಯನ್ನು ಕೆಳಮುಖ ಮಾಡಿ ಹಿಂಬದಿಯಿಂದ ಇಸ್ತ್ರಿ ಹಾಕಿ. ಪೆಟ್ಟಿಗೆಯಲ್ಲಿ ಇಡುವ ಮುನ್ನ ಕೊಳೆ ಇಲ್ಲದಂತೆ ನೋಡಿಕೊಳ್ಳಿ, ಉಣ್ಣೆ ತಿನ್ನುವ ಹುಳ ಕೊಳೆಯಾದ ಉಣ್ಣೆಗೆ ಬೇಗ ಬರುತ್ತದೆ. ಮಾರುವ ಪ್ರತಿ ಬಟ್ಟೆಯ ಜೊತೆ ಈ ಸೂಚನೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

ಕೂಲಿಯ ಲೆಕ್ಕ

ಈಗ ಎರಡನೆಯ ಪ್ರಶ್ನೆ. ಹೆಚ್ಚಿನ ತಾಯಂದಿರು ಬಟ್ಟೆ, ದಾರದ ಖರ್ಚನ್ನಷ್ಟೇ ಲೆಕ್ಕ ಹಿಡಿಯುತ್ತಾರೆ, ತಮ್ಮ ಗಂಟೆಗಳನ್ನು ಹಿಡಿಯುವುದಿಲ್ಲ. ಲೆಕ್ಕ ತೋರಿಸಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕುಶನ್ ಕವರಿಗೆ ಬಟ್ಟೆ 60 ರೂಪಾಯಿ, ದಾರ 90, ಜಿಪ್ ಮತ್ತು ಹೊಲಿಗೆ 50, ಒಟ್ಟು 200. ಕಸೂತಿಗೆ 14 ಗಂಟೆ. ಗಂಟೆಗೆ 40 ರೂಪಾಯಿಯಂತೆ 560. ಕವರಿನ ಬೆಲೆ 760 ಆಗಬೇಕು. ಕೊಳ್ಳುವವರು 350 ಎನ್ನುತ್ತಾರೆ. ಒಪ್ಪಿದರೆ ಖರ್ಚು ಕಳೆದು ಉಳಿಯುವುದು 150, ಅಂದರೆ ಗಂಟೆಗೆ 11 ರೂಪಾಯಿಯೂ ಬೀಳಲಿಲ್ಲ.

ಆಗ ಕೂಲಿ ಇಳಿಸುವ ಬದಲು ನಕ್ಷೆ ಇಳಿಸಬೇಕು. ಒಂದು ಮೂಲೆಗೆ ಮಾತ್ರ ಹೂಬಳ್ಳಿ, ಎಲೆಗೆ ಜಾಲರಿ. ದಾರ 40 ರೂಪಾಯಿಗೆ ಇಳಿದರೆ ಖರ್ಚು 150. ಕೆಲಸ 5 ಗಂಟೆಯಾದರೆ ಕೂಲಿ 200. ಅದೇ 350 ರೂಪಾಯಿಗೆ ಈಗ ಗಂಟೆಗೆ 40 ಸಿಕ್ಕಿತು. ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ಇಟ್ಟು, ಕೂತ ಹೊತ್ತು, ಎದ್ದ ಹೊತ್ತು ಬರೆದಿಡಬೇಕು. ಬೆಲೆ ಹೇಳುವಾಗ ಆ ನೋಟ್‌ಬುಕ್ಕೇ ನಿಮ್ಮ ಪರವಾಗಿ ಮಾತಾಡುತ್ತದೆ.

ಇಂಥ ಲೆಕ್ಕವನ್ನು ಹಿಂದೆಯೂ ಮಾಡಿದವರಿದ್ದಾರೆ. 1896ರಲ್ಲಿ ಅಮೆರಿಕದ ಡೀರ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಮಾರ್ಗರೆಟ್ ವೈಟಿಂಗ್, ಎಲೆನ್ ಮಿಲ್ಲರ್ ಎಂಬ ಇಬ್ಬರು ಮಹಿಳೆಯರು ಹಳೆಯ ಕ್ರೂಯೆಲ್ ನಕ್ಷೆಗಳನ್ನು ಸಂಗ್ರಹಿಸಿ, ಊರಿನ ಹೆಂಗಸರಿಂದ ಮನೆಬಟ್ಟೆಗಳ ಮೇಲೆ ಹಾಕಿಸಿ ಮಾರತೊಡಗಿದರು. ಬಂದ ಬೆಲೆಯಲ್ಲಿ ಅರ್ಧ ಭಾಗ ಕಸೂತಿ ಹಾಕಿದವಳಿಗೇ ಸೇರುತ್ತಿತ್ತು. ಉಳಿದರ್ಧದಲ್ಲಿ ನಕ್ಷೆ, ಸಾಮಾನು, ಸಂಘದ ಖರ್ಚು. ಆ ಸಂಘ ಸುಮಾರು ಮೂವತ್ತು ವರ್ಷ ನಡೆಯಿತು.

ದಾನಿಗಳಲ್ಲಿ ನಮ್ಮದೊಂದು ಬಿನ್ನಹ. ಈ ಕೆಲಸಕ್ಕೆ ಮಿಷನ್ ಬೇಡ. ಒಳ್ಳೆಯ ದಾರ, ಹದವಾದ ಬಟ್ಟೆ, ಆರ್ಡರ್ ಕೊಡುವಾಗಲೇ ಸಾಮಾನಿನ ಮುಂಗಡ ಇವಿಷ್ಟು ಸಿಕ್ಕರೆ ಒಬ್ಬ ತಾಯಿ ಸಾಲ ಮಾಡದೆ ಕೆಲಸ ಶುರುಮಾಡಬಹುದು. ಚೌಕಾಸಿ ಮಾಡುವ ಮುನ್ನ ಎಷ್ಟು ಗಂಟೆ ಹಿಡಿಯಿತು ಎಂದು ಒಮ್ಮೆ ಕೇಳಿ.

ಪೋಷಕರಲ್ಲಿ ಇನ್ನೊಂದು ಮಾತು. ಆರ್ಡರ್ ಮುಗಿಸುವ ಅವಸರಕ್ಕೆ ಓದುವ ಮಗಳನ್ನು ಪರೀಕ್ಷೆಯ ದಿನಗಳಲ್ಲಿ ಸೂಜಿಗೆ ಕೂರಿಸಬೇಡಿ. ರಜೆಯಲ್ಲಿ ಕಲಿಯಲಿ, ಇಷ್ಟವಿದ್ದರೆ ಗಂಡುಮಕ್ಕಳೂ ಕಲಿಯಲಿ. ಕಾಶ್ಮೀರದಲ್ಲಿ ಆರಿ ಹಿಡಿದು ಕೂತವರು ಹೆಚ್ಚಾಗಿ ಗಂಡಸರೇ.

ಕವರು ಕೆಟ್ಟ ಆ ತಾಯಿ ಕೆಲಸ ಬಿಡಲಿಲ್ಲ. ಈಗ ಹೊಸಬರು ದಾರ ತಂದರೆ ಅವರೇ ಮೊದಲು ಕೈಗೆ ತೆಗೆದುಕೊಂಡು, ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ನೋಡುತ್ತಾರೆ. ಅದಾದ ಮೇಲೆಯೇ ಸೂಜಿ ಕೊಡುತ್ತಾರೆ.