ಕುಲಾವಿಯ ಲೆಕ್ಕ

ಗೃಹಸ್ಥರ ಮನೆಗಳಲ್ಲಿ ನಡೆಯುವ ಕಾರ್ಯಗಳಲ್ಲಿ ಕೆಲವಕ್ಕೆ ‘ಬಿಡುವಿನ ಕೆಲಸ’ವೆಂದು ಹೆಸರಿಡುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಸಂಡಿಗೆ ಇಡುವುದು, ಹಸುಗೂಸಿಗೆ ಕುಲಾವಿ ಹೆಣೆಯುವುದು, ಇವೆಲ್ಲವೂ ಆ ಪಟ್ಟಿಗೆ ಸೇರಿದವು. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿಕೊಂಡಿದ್ದ ನಾವೂ ಮೂವತ್ತು ವರ್ಷಗಳ ಕಾಲ ಈ ಹೆಸರನ್ನು ನಿಸ್ಸಂಕೋಚವಾಗಿ ಬಳಸಿದವರೇ ಸರಿ. ಅದು ಎಷ್ಟು ತಪ್ಪೆಂಬುದು ನಮಗೆ ತಿಳಿದುಬಂದದ್ದು, ನಿವೃತ್ತಿಯ ಅನಂತರ, ನಾವೇ ಒಂದು ಕುಲಾವಿಯನ್ನು ಹೆಣೆಯಲು ಕುಳಿತಾಗ. ಆ ವೃತ್ತಾಂತವನ್ನು ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ನಾವು ಬಹುಕಾಲ ಉದ್ಯೋಗದಲ್ಲಿದ್ದುದು ಗುಂಡ್ಲುಪೇಟೆಯಲ್ಲಿ. ಆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಸಮುದ್ರಮಟ್ಟದಿಂದ 1454 ಮೀಟರು ಎತ್ತರವಿದ್ದು, ಅದರ ಮೇಲೆ ಕವಿಯುವ ಮಂಜಿನಿಂದಲೇ ಅದಕ್ಕೆ ಆ ಹೆಸರು ಸಾರ್ಥಕವಾಗಿದೆ. ಮಾಗಿಯಲ್ಲಿ ಕಾಡಿನ ಕಡೆಯಿಂದ ಬೀಸುವ ಗಾಳಿಗೆ ದೊಡ್ಡವರೇ ಕಿವಿ ಮುಚ್ಚಿಕೊಳ್ಳುವರೆಂದ ಮೇಲೆ ಕೂಸುಗಳ ಪಾಡನ್ನು ಹೇಳಬೇಕಾದುದಿಲ್ಲ. ಹಿಂದಿನವರು ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆಯನ್ನೂ, ಗಲ್ಲದ ಕೆಳಗೆ ಕಟ್ಟುವ ಕುಲಾವಿಯನ್ನೂ ಹಳೆಯ ಮೆತ್ತನೆಯ ಬಟ್ಟೆಯಿಂದ ಹೊಲಿದು ತೊಡಿಸುತ್ತಿದ್ದರು. ದಾರದಿಂದ ಹೆಣೆದ ಕ್ರೋಶಾ ಕುಲಾವಿಯು ಆಮೇಲೆ ಬಂದು ಇವುಗಳ ಜೊತೆಗೆ ಸೇರಿಕೊಂಡಿತು.

2017ರಲ್ಲಿ ನಮ್ಮ ಮಗಳಿಗೆ ಗಂಡುಮಗುವಾದಾಗ, ನೆರೆಮನೆಯಲ್ಲಿದ್ದ ಹೆಣ್ಣುಮಗಳೊಬ್ಬಳಿಗೆ ನಾವು ದಾರವನ್ನು ತಂದುಕೊಟ್ಟು ಒಂದು ಕುಲಾವಿ ಹೆಣೆದುಕೊಡುವಂತೆ ಹೇಳಿದೆವು. ಆಕೆ ಇತರರಿಗೂ ಹೆಣೆದುಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದಳೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ನಾಲ್ಕನೆಯ ದಿನ ಅಂದವಾದ ಕುಲಾವಿ ಬಂದಿತು. ನಮ್ಮ ಮನೆಯವರು ಆಕೆಗೆ ತಾಂಬೂಲದೊಡನೆ ಒಂದು ರವಿಕೆ ಕಣವನ್ನು ಕೊಟ್ಟು, ಕೂಲಿಯಾಗಿ ಏನಾದರೂ ಕೊಡಬೇಕಲ್ಲವೇ ಎಂದು ನಮ್ಮ ಮುಖ ನೋಡಿದರು. “ಬಿಡುವಿನಲ್ಲಿ ಹೆಣೆದದ್ದು ತಾನೆ, ಅದಕ್ಕೂ ಕೂಲಿಯೇ?” ಎಂದು ನಾವು ನಕ್ಕುಬಿಟ್ಟೆವು. ಆಕೆಯೂ ನಕ್ಕು ಹೊರಟುಹೋದಳು. ಪ್ರಸಂಗವು ಅಲ್ಲಿಗೇ ಮುಗಿಯಿತೆಂದು ನಾವು ತಿಳಿದಿದ್ದೆವು.

2023ರಲ್ಲಿ ನಿವೃತ್ತರಾಗಿ ಚಾಮರಾಜನಗರಕ್ಕೆ ಬಂದು ನೆಲಸಿದೆವು. 2024ರಲ್ಲಿ ನಮ್ಮ ಮಗನಿಗೆ ಹೆಣ್ಣುಮಗು ಹುಟ್ಟಿತು. ಮೊಮ್ಮಗಳ ಕುಲಾವಿಯನ್ನು ತಾವೇ ಹೆಣೆಯಬೇಕೆಂದು ನಮ್ಮ ಮನೆಯವರು ಆಸೆಪಟ್ಟಿದ್ದರು. ಆದರೆ ಕಣ್ಣಿನ ಪೊರೆಯ ದೆಸೆಯಿಂದ ಅವರಿಗೆ ದಾರದ ಎಳೆ ಕಾಣದಾಗಿತ್ತು. “ಕಣ್ಣು ನಿಮ್ಮದು, ಲೆಕ್ಕ ನನ್ನದು, ನೀವೇ ಹೆಣೆಯಿರಿ” ಎಂದು ಕ್ರೋಶಾ ಕಡ್ಡಿಯನ್ನು ನಮ್ಮ ಕೈಗಿತ್ತರು. ಹೀಗೆ ಅರುವತ್ತನೆಯ ವಯಸ್ಸಿನಲ್ಲಿ ನಾವು ಪುನಃ ವಿದ್ಯಾರ್ಥಿದಶೆಗೆ ಬಂದೆವು.

ಕ್ರೋಶಾ ಎಂಬುದು ಫ್ರೆಂಚ್ ಭಾಷೆಯಲ್ಲಿ ‘ಚಿಕ್ಕ ಕೊಕ್ಕೆ’ ಎಂದು ಅರ್ಥಕೊಡುವ ಶಬ್ದದಿಂದ ಬಂದುದು. ಉಪಕರಣವೂ ಅಷ್ಟೆ: ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಕಡ್ಡಿ. ಸ್ವೆಟರು ಹೆಣೆಯುವಾಗ ಎರಡು ಕಡ್ಡಿಗಳ ಮೇಲೆ ಸಾಲುಸಾಲಾಗಿ ಕುಣಿಕೆಗಳು ನಿಂತಿರುವುವು. ಇದರಲ್ಲಾದರೋ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿದು, ಪ್ರತಿಯೊಂದು ಕುಣಿಕೆಯೂ ಮುಗಿದ ಮೇಲೆಯೇ ಮುಂದಿನದು ಆರಂಭವಾಗುವುದು. ಸಾದಾ ಹೆಣಿಗೆಯ ಕ್ರಮ ಇದು: ಕೊಕ್ಕೆಯನ್ನು ಹಿಂದಿನ ಸುತ್ತಿನ ಕುಣಿಕೆಯೊಳಗೆ ತೂರಿಸಿ, ದಾರವನ್ನು ಸಿಕ್ಕಿಸಿ ಒಮ್ಮೆ ಈಚೆಗೆ ಎಳೆಯತಕ್ಕದ್ದು, ಆಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುವುವು. ಮತ್ತೊಮ್ಮೆ ದಾರವನ್ನು ಸಿಕ್ಕಿಸಿ ಆ ಎರಡರೊಳಗಿಂದಲೂ ಎಳೆದುಬಿಟ್ಟರೆ ಒಂದು ಕುಣಿಕೆ ಪೂರ್ತಿಯಾಯಿತು. ಹೇಳುವುದಕ್ಕೆ ಇಷ್ಟೆ.

ಕುಲಾವಿಯು ನೆತ್ತಿಯಿಂದ ಆರಂಭವಾಗುವುದು. ದಾರವನ್ನು ಬಳೆಯಂತೆ ಸುತ್ತಿ ಅದರೊಳಗೆ ಆರು ಕುಣಿಕೆಗಳನ್ನು ಹಾಕಬೇಕು. ಎರಡನೆಯ ಸುತ್ತಿನಲ್ಲಿ ಅವು ಹನ್ನೆರಡಾಗಬೇಕು, ಮೂರನೆಯದರಲ್ಲಿ ಹದಿನೆಂಟು, ಆಮೇಲೆ ಇಪ್ಪತ್ತನಾಲ್ಕು. ಹೀಗೆ ಪ್ರತಿಸುತ್ತಿನಲ್ಲಿಯೂ ಆರು ಸ್ಥಳಗಳಲ್ಲಿ, ಒಂದೊಂದೇ ಕುಣಿಕೆಯೊಳಗೆ ಎರಡೆರಡನ್ನು ಹಾಕಿ, ಸುತ್ತಿಗೆ ಆರರಂತೆ ಏರಿಸತಕ್ಕದ್ದು. ನಾವು ಲೆಕ್ಕವನ್ನು ಅಸಡ್ಡೆಮಾಡಿ ಕಂಡಕಂಡಲ್ಲಿ ಏರಿಸಿದೆವು. ಅಂಗೈಯಗಲವಾಗುವಷ್ಟರಲ್ಲಿ ಅಂಚು ಕೋಸಿನ ಎಲೆಯಂತೆ ನಿರಿಗಟ್ಟಿತು. ಬಿಚ್ಚಿ, ಎರಡನೆಯ ಸಲ ಜಿಪುಣತನ ಮಾಡಿದೆವು. ಅದು ದೊನ್ನೆಯಂತೆ ಮುದುಡಿಕೊಂಡಿತು. ಮನೆಯವರು ಬೆರಳಿನಿಂದ ತಡವಿ ನೋಡಿ, “ಸುತ್ತಿಗೆ ಆರು ಅಂತ ಹೇಳಿರಲಿಲ್ಲವೇ? ಎಣಿಸಿದಿರಾ?” ಎಂದರು. ಮೂವತ್ತು ವರ್ಷ ಮಕ್ಕಳನ್ನು ಕೇಳುತ್ತಿದ್ದ ಪ್ರಶ್ನೆಯನ್ನು ನಾವು ಕೇಳಿಸಿಕೊಳ್ಳಬೇಕಾಯಿತು.

ಆರೇ ಏಕೆ? ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ, ಆರ್ಯಭಟನ ನೆನಪಾಯಿತು. ಕ್ರಿ. ಶ. 499ರ ಕಾಲದ ಆ ಗಣಿತಜ್ಞನು 20,000 ವ್ಯಾಸವುಳ್ಳ ವೃತ್ತಕ್ಕೆ ಪರಿಧಿಯು ಸುಮಾರಾಗಿ 62,832 ಎಂದು ಹೇಳಿರುವನು. ವ್ಯಾಸದ ಅರ್ಧವಾದ ತ್ರಿಜ್ಯವು 10,000. ಎಂದರೆ ತ್ರಿಜ್ಯವು ಒಂದು ಅಳತೆ ಬೆಳೆದರೆ ಪರಿಧಿಯು ಆರು ಅಳತೆಗಿಂತ ಸ್ವಲ್ಪ ಹೆಚ್ಚಾಗಿ ಬೆಳೆಯತಕ್ಕದ್ದು. ಸಾದಾ ಹೆಣಿಗೆಯಲ್ಲಿ ಕುಣಿಕೆಯ ಅಗಲವೂ ಎತ್ತರವೂ ಹೆಚ್ಚುಕಡಮೆ ಸಮವಾಗಿರುವುದರಿಂದ, ಒಂದು ಸುತ್ತು ಹೆಚ್ಚಾದರೆ ಆರು ಕುಣಿಕೆ ಹೆಚ್ಚಬೇಕಾಯಿತು. ಕಡಮೆಯಾದರೆ ಬಟ್ಟಲು, ಅತಿಯಾದರೆ ನಿರಿಗೆ, ಸಮವಾದರೆ ಚಪ್ಪಟೆಯಾದ ಬಿಲ್ಲೆ. ನಾವು ಹಾಳುಮಾಡಿದೆವೆಂದುಕೊಂಡ ನಿರಿಗೆಯೂ ಗಣಿತಶಾಸ್ತ್ರದಲ್ಲಿ ಸ್ಥಾನವುಳ್ಳದ್ದೇ. ಸಮಾನಾಂತರ ರೇಖೆಗಳ ವಿಷಯದಲ್ಲಿ ಯೂಕ್ಲಿಡನ ನಿಯಮಕ್ಕೆ ಒಳಪಡದ ಒಂದು ಬಗೆಯ ತಲವುಂಟು. ಅದನ್ನು ಕಾಗದದಲ್ಲಿ ಮಾಡಿ ತೋರಿಸಿದರೆ ಬೇಗ ಹರಿದುಹೋಗುತ್ತಿತ್ತು. ಲಾಟ್ವಿಯಾ ದೇಶದಲ್ಲಿ ಹುಟ್ಟಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದ ಡೈನಾ ತೈಮಿನಾ ಎಂಬ ವಿದುಷಿಯು 1997ರಲ್ಲಿ ಆ ತಲವನ್ನು ಕ್ರೋಶಾದಿಂದ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹೆಣೆಯುವವರ ಬೆರಳುಗಳಲ್ಲಿದ್ದ ಶಾಸ್ತ್ರವನ್ನು ನಾವು ಶಾಸ್ತ್ರವೆಂದು ಗುರುತಿಸಿರಲಿಲ್ಲ, ಅಷ್ಟೆ.

ಇನ್ನು ಅಳತೆಯ ವಿಚಾರ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34–35 ಸೆಂಟಿಮೀಟರು; ಆರು ತಿಂಗಳಿಗೆ 42–43; ವರ್ಷ ತುಂಬುವಾಗ 45–46. ನಮ್ಮ ಮೊಮ್ಮಗಳ ತಲೆ 42 ಇದ್ದಿತು. ಹೆಣಿಗೆ ಹಿಗ್ಗುವುದರಿಂದ ಕುಲಾವಿಯು ಎರಡು ಸೆಂಟಿಮೀಟರು ಚಿಕ್ಕದಾಗಿರತಕ್ಕದ್ದು, ಆದುದರಿಂದ 40. ನಮ್ಮ ಕುಣಿಕೆ ಒಂದಕ್ಕೆ ಸುಮಾರು ಐದೂವರೆ ಮಿಲಿಮೀಟರು ಅಗಲ. ಹನ್ನೆರಡು ಸುತ್ತು ಏರಿಸಿ 72 ಕುಣಿಕೆಗಳಾದಾಗ ಸುತ್ತಳತೆ ಸರಿಹೋಯಿತು. ಅಲ್ಲಿಂದ ಮುಂದೆ ಏರಿಸದೆ, ಕಿವಿ ಮುಚ್ಚುವವರೆಗೆ ಹದಿನೆಂಟು ಸುತ್ತುಗಳನ್ನು ನೇರವಾಗಿ ಇಳಿಸಿದೆವು. ಏರಿಕೆಯಲ್ಲಿ 468, ಇಳಿಕೆಯಲ್ಲಿ 1296. ಒಟ್ಟು 1764 ಕುಣಿಕೆಗಳು. ಒಂದೊಂದಕ್ಕೂ ಎರಡು ಸಲ ದಾರವನ್ನೆಳೆಯಬೇಕಾದುದರಿಂದ 3528 ಎಳೆತಗಳು. ನುರಿತ ಕೈ ನಿಮಿಷಕ್ಕೆ ಹದಿನೈದು ಕುಣಿಕೆ ಹಾಕಿದರೂ ಬಿಡುವಿಲ್ಲದೆ ಎರಡು ಘಂಟೆ ಹಿಡಿಯುವುದು. ಬಿಚ್ಚಿದ್ದೂ ಸೇರಿ ನಮಗೆ ಒಂಬತ್ತು ದಿನ ಹಿಡಿಯಿತು, ಕತ್ತು ನೋಯಿತು, ತೋರುಬೆರಳು ಕೆಂಪಗಾಯಿತು.

ಹೆಣೆಯುವ ಗೃಹಿಣಿಯರಿಗೆ ನಾಲ್ಕು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಚುಚ್ಚುವ, ನವಿರೇಳುವ ಉಣ್ಣೆಗಿಂತ ಮೆತ್ತನೆಯ ಹತ್ತಿಯ ದಾರವು ಎಳೆಯ ಚರ್ಮಕ್ಕೆ ಹಿತ. ಗುಂಡಿ, ಮಣಿ, ಕುಚ್ಚುಗಳನ್ನು ಹಚ್ಚಬಾರದು; ಕಿತ್ತುಬಂದರೆ ಅವು ಕೂಸಿನ ಬಾಯಿಗೇ ಹೋಗುವುವು. ಗಲ್ಲದ ಕೆಳಗೆ ಕಟ್ಟುವ ಲಾಡಿಯು ಕುತ್ತಿಗೆಗೆ ಸುತ್ತಿಕೊಳ್ಳಬಹುದಾದ್ದರಿಂದ, ಹಳೆಯ ವಾಡಿಕೆಯಾದರೂ ಅದನ್ನು ಬಿಡುವುದೇ ಲೇಸು. ಕೂಸು ಮನೆಯೊಳಗೆ ಮಲಗಿರುವಾಗ ಕುಲಾವಿಯನ್ನು ತೆಗೆದಿಡತಕ್ಕದ್ದು. ಶಿಶುಗಳು ಮೈಯ ಹೆಚ್ಚಿನ ಕಾವನ್ನು ತಲೆಯ ಮೂಲಕ ಕಳೆದುಕೊಳ್ಳುವುದರಿಂದ ಅತಿಯಾದ ಹೊದಿಕೆಯೂ ಅಪಾಯವೇ. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಮೆಯಿರುವ ಶಿಶುಗಳ ವಿಷಯದಲ್ಲಿ ಮಾತ್ರ ವೈದ್ಯರು ಹೇಳಿದಂತೆ ನಡೆಯಬೇಕು.

ಕುಲಾವಿ ಮುಗಿದ ಮೇಲೆ ನಮ್ಮ ಮನಸ್ಸಿಗೆ ಸಂತೋಷದೊಡನೆ ಒಂದು ಮುಳ್ಳೂ ಹತ್ತಿಕೊಂಡಿತು. ಕ್ರೋಶಾವನ್ನು ಯಥಾವತ್ತಾಗಿ ಹೆಣೆಯುವ ಕಾರ್ಖಾನೆಯ ಯಂತ್ರವು ಇಂದಿಗೂ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಕ್ರೋಶಾ ಪದಾರ್ಥವನ್ನೂ ಎಲ್ಲಿಯೋ ಒಬ್ಬರ ಬೆರಳುಗಳೇ ಎಣಿಸಿ ಎಣಿಸಿ ಹೆಣೆದಿರಬೇಕು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಕ್ಷಾಮ ಬಂದಾಗ, ಕ್ರೈಸ್ತ ಸಂನ್ಯಾಸಿನಿಯರಿಂದ ಈ ವಿದ್ಯೆಯನ್ನು ಕಲಿತ ಹೆಂಗಸರು ಲೇಸು ಹೆಣೆದು ಸಂಸಾರಗಳನ್ನು ಉಳಿಸಿಕೊಂಡರು. ನಮ್ಮ ನೆರೆಯ ಆಂಧ್ರಪ್ರದೇಶದ ನರಸಾಪುರದಲ್ಲಿಯೂ, ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮೂಲಕ ಬಂದ ಈ ಕಸುಬು ಸಾವಿರಾರು ಮನೆಗಳಿಗೆ ಹಬ್ಬಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆಯು ಅಲ್ಲಿ ಸಂಶೋಧನೆ ನಡೆಸಿ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಆಕೆ ಕಂಡ ಸಂಗತಿ ಇದು: ದಿನಕ್ಕೆ ಆರೆಂಟು ಘಂಟೆ ಲೇಸು ಹೆಣೆಯುವ ಸ್ತ್ರೀಯರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ, ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂದೇ ಎಣಿಸಿ, ಅತ್ಯಲ್ಪವಾದ ಕೂಲಿಯನ್ನು ಕೊಟ್ಟರು. ಅದೇ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ‘ಬಿಡುವಿನ ಕೆಲಸ’ವೆಂಬ ಮಾತನ್ನು ಅಲ್ಲಿ ಓದಿದಾಗ, ನಮ್ಮ ದನಿಯನ್ನೇ ನಾವು ಕೇಳಿದಂತಾಯಿತು.

ಸಂಕ್ರಾಂತಿ ಕಳೆದ ಮೇಲೆ ತೆರಕಣಾಂಬಿಯ ದಾರಿಯಾಗಿ ಗುಂಡ್ಲುಪೇಟೆಗೆ ಹೋದೆವು. ಆಕೆ ಅದೇ ಮನೆಯಲ್ಲಿದ್ದಳು. ಕುಶಲಪ್ರಶ್ನೆಯಾದ ಮೇಲೆ ನಾವು ನಮ್ಮ ಕುಲಾವಿಯನ್ನು ತೋರಿಸಿದೆವು. ಆಕೆ ಅದನ್ನು ತಿರುಗಿಸಿ ನೋಡಿ, “ಇಲ್ಲಿ ಒಂದು ಕುಣಿಕೆ ಬಿಟ್ಟುಹೋಗಿದೆ, ಮೇಷ್ಟ್ರೆ; ಪರವಾಗಿಲ್ಲ, ಮಗೂಗೆ ಗೊತ್ತಾಗಲ್ಲ” ಎಂದಳು. ಆಗ ನಾವು ಐನೂರು ರೂಪಾಯಿಗಳನ್ನು ಮುಂದಿಟ್ಟು, “ತಾಯಿ, 2017ರ ಬಾಕಿ ಇದು. ಬಿಡುವಿನಲ್ಲಿ ಹೆಣೆದದ್ದೆಂದು ಹೇಳಿ ಅಂದು ತಪ್ಪುಮಾಡಿದೆವು” ಎಂದೆವು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಗಲು ಹೊತ್ತಿನಲ್ಲಿ ಬಿಡುವೆಲ್ಲಿತ್ತು ಮೇಷ್ಟ್ರೆ? ಮೂರು ರಾತ್ರಿ ಕೂತು ಹೆಣೆದಿದ್ದೆ. ಅವತ್ತು ಕೇಳೋಕೆ ಬಾಯಿ ಬರಲಿಲ್ಲ” ಎಂದಳು. ಹಣವನ್ನು ಎಣಿಸಿ, ನೂರು ರೂಪಾಯಿಯ ಒಂದು ನೋಟನ್ನು ನಮಗೇ ಹಿಂದಿರುಗಿಸಿ, “ಅಂಥದ್ದಕ್ಕೆ ನಾನು ತೊಗೊಳ್ಳೋದು ನಾನೂರು” ಎಂದಳು. ನಾವು ಒತ್ತಾಯಮಾಡಲಿಲ್ಲ, ಆಕೆಯ ಲೆಕ್ಕವನ್ನು ತಿದ್ದುವ ಅಧಿಕಾರ ನಮಗಿಲ್ಲವೆಂದು ತೋರಿತು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯ ಕೂಸಿಗೆ ಕುಲಾವಿಯನ್ನು ಕೈಯಾರೆ ಹೆಣೆಯಿರಿ. ಗಂಡಸರೂ ಹೆಣೆಯಬಹುದು, ಅದರಿಂದ ಮೀಸೆಗೆ ಕುಂದಿಲ್ಲ. ಪರರಿಂದ ಹೆಣೆಯಿಸುವುದಾದರೆ, ದಾರದ ಬೆಲೆಯೊಂದನ್ನೇ ಕೇಳದೆ ಕೈಯ ಬೆಲೆಯನ್ನೂ ಮೊದಲೇ ಕೇಳಿ ಕೊಡಿರಿ. ಕೇಳಲು ಅವರಿಗೆ ಬಾಯಿ ಬಾರದಿರಬಹುದು. ಮೊಮ್ಮಗಳಿಗೆ ಆ ಕುಲಾವಿಯು ಈಗ ಸಾಲದಾಗಿದೆ. ಮನೆಯವರಿಗೆ ಶಸ್ತ್ರಚಿಕಿತ್ಸೆಯಾಗಿ ಕಣ್ಣು ತಿಳಿಯಾಗಿದೆ. ಮುಂದಿನದನ್ನು ತಾವೇ ಹೆಣೆಯುತ್ತಿರುವರು. ಪಕ್ಕದಲ್ಲಿ ಕುಳಿತು ಕುಣಿಕೆಗಳನ್ನು ಎಣಿಸುವ ಕೆಲಸ ನಮ್ಮದಾಗಿದೆ.